ಐಸ್ ಪ್ಲಾಂಟ್ ವಾಲ್ವ್ ಸೋರುತ್ತಿದೆ, ಸಾವ್ಕಾರ್ರಿಗೆ ಹೇಗೆ ಹೇಳಲಿ?

ಪ್ರಶ್ನೆ (ಆಪರೇಟರ್, ಅಂಕೋಲಾ ಕಡೆ):
ಅಮೋನಿಯಾ ಕಂಪ್ರೆಸರ್ ನೋಡಿಕೊಳ್ಳುವ ಕೆಲಸ ನನ್ನದು. ರಿಸೀವರ್ (ದ್ರವ ಅಮೋನಿಯಾ ತುಂಬುವ ಟ್ಯಾಂಕ್) ಕೆಳಗೆ ಎಣ್ಣೆ ಬಿಡುವ ವಾಲ್ವ್ ಸ್ವಲ್ಪ ಸೋರುತ್ತಿದೆ. ಗಂಧಕದ ಕಡ್ಡಿ ಹಚ್ಚಿ ಹತ್ತಿರ ಹಿಡಿದರೆ ಬಿಳಿ ಹೊಗೆ ಏಳುತ್ತದೆ, ಅಂದರೆ ಅಮೋನಿಯಾ ಹೊರಬರುತ್ತಿದೆ. ಸಾವ್ಕಾರ್ರು ಒಳ್ಳೆಯವರೇ, ಮಗಳ ಮದುವೆಗೆ ಸಾಲ ಕೊಟ್ಟವರು. ಆದರೆ ಯಾವಾಗ ಹೇಳಿದರೂ ಒಂದೇ ಮಾತು: "ಬಂಗಡೆ ಬರ್ತಾ ಇದೆ. ಜೂನ್, ಜುಲೈ ಹೇಗೂ ಮೀನುಗಾರಿಕೆ ಬಂದ್, ಆಗ ನೋಡುವಾ." ಈಗಿನ್ನೂ ಅಕ್ಟೋಬರ್! ಒಂಬತ್ತು ವರ್ಷ ಏನೂ ಆಗಿಲ್ಲ ಅನ್ನುವುದೂ ನಿಜ. ನಾನು ಸುಮ್ನೆ ಹೆದರುತ್ತಿದ್ದೇನಾ?

ಉತ್ತರ (ಬೋಟಿನವ, ತದಡಿ):
ರಿಪೇರಿಗೆ ಅಂತ ಒಂದು ದಿನ ಐಸ್ ಇಲ್ಲ ಅಂದರೆ ಬೇರೆ ಕಡೆ ತರುತ್ತೇವೆ, ಮರುದಿನ ವಾಪಸ್ ಅಲ್ಲಿಗೇ. ಉದ್ರಿ ಲೆಕ್ಕ ಅಲ್ಲೇ ಇದೆಯಲ್ಲ ಮಾರಾಯಾ, ಹೊಸಬರು ಯಾರು ಉದ್ರಿ ಕೊಡ್ತಾರೆ?

ಉತ್ತರ (ನಿವೃತ್ತ ಶಿಫ್ಟ್ ಇನ್‌ಚಾರ್ಜ್, ಕಾರವಾರ):
ತಮ್ಮಾ, ಸುಮ್ನೆ ಅಲ್ಲ. 1984ರಲ್ಲಿ ಭೋಪಾಲದಲ್ಲಿ ಅನಿಲ ಸೋರಿದಾಗ ಟ್ಯಾಂಕ್ ತಂಪಿಡುವ ಯಂತ್ರ ತಿಂಗಳುಗಳಿಂದ ಬಂದ್ ಇತ್ತು. ಅನಿಲ ಸುಡಬೇಕಾದ ಫ್ಲೇರ್‌ನ ಪೈಪೇ ಜೋಡಿಸಿರಲಿಲ್ಲ. ಅಂಥದ್ದನ್ನು ತಿಂಗಳುಗಟ್ಟಲೆ ಹಾಗೇ ಬಿಡುವುದು ಆಪರೇಟರ್ ಒಬ್ಬನ ತೀರ್ಮಾನವಲ್ಲ.

ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯಲ್ಲಿ 2005ರಲ್ಲಿ ಸ್ಫೋಟವಾಗಿ 15 ಜನ ಸತ್ತರು. ಅಲ್ಲಿನ ದೊಡ್ಡವರು ಗಾಯಾಳುಗಳ ಲೆಕ್ಕ ಇಳಿದಿದೆ ಅಂತ ನಿಶ್ಚಿಂತೆಯಾಗಿದ್ದರು. ಜಾರಿ ಬಿದ್ದವನು ಆ ಲೆಕ್ಕದಲ್ಲಿ ಬರುತ್ತಾನೆ, ಲೆವೆಲ್ ತಪ್ಪು ತೋರಿಸುವ ಮೀಟರ್ ಬರುವುದಿಲ್ಲ. ನಿಮ್ಮ ಒಂಬತ್ತು ವರ್ಷವೂ ಅದೇ ಥರದ ಲೆಕ್ಕ.

ನಮ್ಮಲ್ಲೊಬ್ಬ ಮ್ಯಾನೇಜರ್ ಇದ್ದರು. ಬೆಳಿಗ್ಗೆ ಆರಕ್ಕೆ ಫೋನ್. ಮೊದಲ ಪ್ರಶ್ನೆ "ರಾತ್ರಿ ಯಾವ ಅಲಾರಂ ಬೈಪಾಸ್ ಮಾಡಿ ಬಂದ್ ಇಟ್ಟಿದ್ದೀರಿ?" ಕೇಳುತ್ತಾರೆ ಅಂತ ಗೊತ್ತಿದ್ದರಿಂದ ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿ ಎಲ್ಲ ಬರೆದಿಡುತ್ತಿದ್ದೆವು. ಅವರ ನಂತರ ಬಂದವರು "ಎಷ್ಟು ಟನ್?" ಅಂದರು. ತಿಂಗಳೊಳಗೆ ಆ ಪುಸ್ತಕದ ಮೇಲೆ ಚಹಾ ಗ್ಲಾಸ್ ಇಡತೊಡಗಿದೆವು. ಜನ ನಾವೇ, ಪ್ಲಾಂಟೂ ಅದೇ.

ಬಾಯಲ್ಲಿ ಹೇಳಬೇಡಿ. ಸಾವ್ಕಾರ್ರನ್ನು ವಾಲ್ವ್ ಹತ್ತಿರ ಕರೆದುಕೊಂಡು ಹೋಗಿ, ಕಡ್ಡಿ ಹಚ್ಚಿ ತೋರಿಸಿ. ಲಾಗ್‌ಬುಕ್‌ನಲ್ಲಿ ತಾರೀಕು ಹಾಕಿ ಸಹಿ ಮಾಡಿಸಿ. ಮತ್ತೆ, ಲೈನಿನಲ್ಲಿ ಗ್ಯಾಸ್ ಇರುವಾಗ ನೀವೇ ಪಾನಾ ಹಿಡಿದು ಬಿಗಿ ಮಾಡಲು ಹೋಗಬೇಡಿ.

ಆಪರೇಟರ್:
ತೋರಿಸಿದೆ. ಕೆಮ್ಮುತ್ತಾ ಹೊರಗೆ ಬಂದರು. ಸಹಿಗೆ ಮಾತ್ರ "ಅದೆಲ್ಲ ಯಾಕೆ" ಅಂದರು. ಫಿಟ್ಟರ್ ಭಾನುವಾರ ಬರುತ್ತಾನೆ. ಅರ್ಧ ದಿನದಲ್ಲಿ ಮುಗಿಯುತ್ತಾ ಅಂತ ಕೇಳುತ್ತಿದ್ದಾರೆ. ಏನು ಹೇಳಲಿ?

ನಿವೃತ್ತ ಶಿಫ್ಟ್ ಇನ್‌ಚಾರ್ಜ್:
ಎರಡು ದಿನ ಅನ್ನಿ. ಸಹಿ ಇನ್ನೊಮ್ಮೆ ಕೇಳಿ.