ಪದಚರ್ಚೆ: ಪಟ್ಟದ ಕಾದಾಟದಲ್ಲಿ ಪದೇ ಪದೇ ಸೋಲುವವರಿಗೆ ಯಾವ ಪದ?

ಗೋಣಿಕೊಪ್ಪದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾದಾಟ) ಸಿಮ್ಯುಲೇಶನ್ ಆಟದ ಪರದೆಯ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದೇವೆ. ಇದು ಗುಂಡಿ ಒತ್ತಿ ಗುದ್ದಿಸುವ ಆಟವಲ್ಲ. ತರಬೇತಿ, ತೂಕ, ಕಾದಾಟದ ಯೋಜನೆ ಇಷ್ಟನ್ನು ನಾವು ಹೊಂದಿಸಿಟ್ಟರೆ ಉಳಿದದ್ದನ್ನು ಆಟವೇ ಲೆಕ್ಕ ಹಾಕಿ, ಏನೇನಾಯಿತೆಂದು ಸಾಲು ಸಾಲಾಗಿ ಹೇಳುತ್ತದೆ. ಚಾಂಪಿಯನ್ ಪಟ್ಟಕ್ಕೆ 3 ಅಥವಾ ಹೆಚ್ಚು ಸಲ ಸೆಣಸಿ ಒಮ್ಮೆಯೂ ಗೆಲ್ಲದವರ ಹೆಸರಿನ ಪಕ್ಕ ಒಂದು ಪುಟ್ಟ ಚೀಟಿ ಕಾಣಿಸುತ್ತದೆ. ಅಲ್ಲಿ 12 ಅಕ್ಷರಕ್ಕಷ್ಟೇ ಜಾಗ. ಸದ್ಯಕ್ಕೆ ‘ಪಟ್ಟವಂಚಿತ’ ಎಂದು ಹಾಕಿದ್ದೇವೆ. ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ನೋಡಿ ಬೆಳೆದ ಕೊಡಗಿನವರಿಗೆ ‘ರನ್ನರ್ ಅಪ್’ ಸಾಕು ಎನ್ನುವವರೂ ಇದ್ದಾರೆ. ಫೈಟರ್‌ಗೆ ‘ಹೋರಾಟಗಾರ’ ಎಂದಿದ್ದೇವೆ. ಇವು ಒಪ್ಪುತ್ತವೆಯೇ?

ಮಡಿಕೇರಿಯಿಂದ:

‘ಹೋರಾಟಗಾರ’ ಮೊದಲು ಹೋಗಲಿ. ಆ ಪದ ಓದಿದೊಡನೆ ಧರಣಿ, ಮನವಿಪತ್ರ, ಜಿಲ್ಲಾಧಿಕಾರಿ ಕಚೇರಿ ನೆನಪಾಗುತ್ತವೆ. ‘ಪೈಲ್ವಾನ’ ಗರಡಿಯ ಮಣ್ಣಿನವನು, ಅವನಿಗೆ ಒದೆಯುವ ಕೆಲಸವಿಲ್ಲ. ‘ಜಟ್ಟಿ’ ಮೈಸೂರು ದಸರೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಸುವ ಸಮುದಾಯದ ಹೆಸರೂ ಹೌದು. ‘ಕಾದಾಳು’ ಬಳಸಿ. ಹೆಂಗಸರ ವಿಭಾಗಕ್ಕೂ ಅದೇ ರೂಪ ನಡೆಯುತ್ತದೆ. ಕ್ರಿಯಾಪದವನ್ನು ‘ಸೋತರು’, ‘ಎರಗಿದರು’ ಎಂದು ಇಟ್ಟರೆ ಒಂದೇ ಸಾಲು ಇಬ್ಬರಿಗೂ ಸಾಕು.

ಇನ್ನು ‘ವಂಚಿತ’. ಸೌಲಭ್ಯವಂಚಿತ, ಅವಕಾಶವಂಚಿತ ಎನ್ನುವಾಗ ಬೇರೆ ಯಾರೋ ತಪ್ಪಿಸಿದರು ಎಂಬ ದನಿ ಇದೆ. ಇವರಿಗೆ ಅವಕಾಶ ಮೂರು ಸಲ ಸಿಕ್ಕಿದೆ, ಸಿಕ್ಕೂ ಸೋತಿದ್ದಾರೆ. ರನ್ನರ್ ಅಪ್ ಕೂಡ ಹೊಂದುವುದಿಲ್ಲ. 1997ರಲ್ಲಿ ಕರಡದಲ್ಲಿ ಆರಂಭವಾದ ಹಾಕಿ ಉತ್ಸವದಲ್ಲಿ ಫೈನಲ್ ಸೋತ ಕುಟುಂಬಕ್ಕೆ ಎರಡನೆಯ ಸ್ಥಾನ ಎಂಬುದೊಂದು ಉಂಟು. ಮರುವರ್ಷ ಎಲ್ಲರೂ ಮೊದಲಿನಿಂದ ಆಡಬೇಕು. ಎಂಎಂಎಯಲ್ಲಿ ಪಟ್ಟ ಹೊತ್ತವರು ಒಬ್ಬರು, ಸವಾಲು ಹಾಕುವವರು ಒಬ್ಬರು. ಸೋತವರು ಶ್ರೇಯಾಂಕದಲ್ಲಿ ಎರಡಕ್ಕೆ ನಿಲ್ಲಲೂಬಹುದು, ಆರಕ್ಕೆ ಇಳಿಯಲೂಬಹುದು.

ಹೊಸಬರ ಯೋಗ್ಯತೆ ಅಳೆಯಲು ಎದುರು ನಿಲ್ಲಿಸುವ ಗೇಟ್‌ಕೀಪರ್ ಇವರಲ್ಲ. ಅವರಿಗೆ ಪಟ್ಟದ ಅವಕಾಶವೇ ಬಾರದಿರಬಹುದು. (ಅದಕ್ಕೆ ‘ದ್ವಾರಪಾಲಕ’ ಎಂದೀರಿ ಜೋಕೆ, ದೇವಸ್ಥಾನದ ಕಲ್ಲಿನ ವಿಗ್ರಹ ಎದ್ದು ಬರುತ್ತದೆ.) ನಿಮ್ಮ ಚೀಟಿಯವರು ಚಾಂಪಿಯನ್ ಬಿಟ್ಟು ಉಳಿದವರನ್ನೆಲ್ಲ ಹೊಡೆದು ಮತ್ತೆ ಸರದಿಗೆ ಬರುವವರು. ಕೆನ್ನಿ ಫ್ಲೋರಿಯನ್ 2006, 2009, 2011ರಲ್ಲಿ ಮೂರು ಬೇರೆ ಬೇರೆ ಎದುರಾಳಿಗಳೊಡನೆ ಯುಎಫ್‌ಸಿ (ಎಂಎಂಎ ಕಾದಾಟ ನಡೆಸುವ ಅಮೆರಿಕದ ಸಂಸ್ಥೆ) ಪಟ್ಟಕ್ಕೆ ಕಾದಿ ಮೂರೂ ಸೋತರು. ಅಷ್ಟು ಸಲ ಅಲ್ಲಿಗೆ ತಲುಪುವುದೇ ದೊಡ್ಡದು. ಪದದಲ್ಲಿ ಸವಾಲು ಕಾಣಲಿ, ಸೋಲನ್ನು ಅಂಕಿ ಹೇಳಲಿ: ‘ನಿತ್ಯ ಸವಾಲಿಗ’, ಪಕ್ಕದಲ್ಲಿ 0/3. ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಗಾದೆಯನ್ನು ಮಾತ್ರ ಇಲ್ಲಿ ತುರುಕಬೇಡಿ. ಅದು ಸೋಲೊಪ್ಪದವನ ಗೇಲಿ.

ಕುಶಾಲನಗರದಿಂದ:

‘ಸವಾಲಿಗ’ ಮತ್ತೆ ಗಂಡು ರೂಪವಾಯಿತಲ್ಲ? ‘ನಿತ್ಯ ಸವಾಲು’ ಎಂದಷ್ಟೇ ಇಟ್ಟರೆ ಆ ತೊಡಕು ಇಲ್ಲ, ಜಾಗವೂ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಮುಂದಿದೆ. ನಿಮ್ಮ ಕಡತದಲ್ಲಿ ಪಟ್ಟ, ಪಟ್ಟು, ಪಟ್ಟಿ ಮೂರೂ ಇರುತ್ತವೆ: ಚಾಂಪಿಯನ್ ಪಟ್ಟ, ಕುಸ್ತಿಯ ಪಟ್ಟು, ಶ್ರೇಯಾಂಕ ಪಟ್ಟಿ. ‘ಪಟ್ಟು ತಪ್ಪಿತು’ ಎಂದರೆ ಹಿಡಿತ ಜಾರಿತು, ‘ಪಟ್ಟ ತಪ್ಪಿತು’ ಎಂದರೆ ಚಾಂಪಿಯನ್‌ಷಿಪ್ಪೇ ಹೋಯಿತು. ಓಡುವ ಸಾಲಿನಲ್ಲಿ ಒಂದು ಕೊಂಬು ಯಾರ ಕಣ್ಣಿಗೆ ಬಿದ್ದೀತು! ‘ಪಟ್ಟಿಗೆ’ ಎಂಬ ರೂಪ ಪಟ್ಟಿಗೂ ಪಟ್ಟಿಗೂ ಒಂದೇ, ಅಂದರೆ ಹಿಡಿತಕ್ಕೂ ಯಾದಿಗೂ. ಆಟದ ಎಂಜಿನ್ ಹೆಸರಿಗೆ ವಿಭಕ್ತಿ ಪ್ರತ್ಯಯವನ್ನು ತಾನೇ ಅಂಟಿಸುವಂತಿದ್ದರೆ ‘ಪಟ್ಟುಗೆ’, ‘ಪಟ್ಟಗೆ’ ಎಂದೆಲ್ಲ ಹುಟ್ಟುತ್ತದೆ. ಆದ್ದರಿಂದ ಪಟ್ಟ ಒಂದನ್ನೇ ಉಳಿಸಿಕೊಂಡು, ಪಟ್ಟಿನ ಬದಲು ‘ಹಿಡಿತ’, ಪಟ್ಟಿಯ ಬದಲು ‘ಶ್ರೇಯಾಂಕ’ ಹಾಕಿ. ‘ಪಟ್ಟ ಕೈತಪ್ಪಿತು’ ಎಂಬುದನ್ನೂ ಬಿಡಿ. ಇದ್ದದ್ದು ಹೋದರೂ ಕೈತಪ್ಪಿತು, ಬರಬೇಕಾದದ್ದು ಬರದಿದ್ದರೂ ಕೈತಪ್ಪಿತು.

ವಿರಾಜಪೇಟೆಯಿಂದ:

ಚೀಟಿಯ ಮೇಲೆ ಮೌಸ್ ಇಟ್ಟಾಗ ಬರುವ ವಿವರಣೆಗೆ ‘ಒತ್ತಡ ತಾಳದವರು’ ಎಂದು ಬರೆಯುವ ಆಸೆ ಹುಟ್ಟುತ್ತದೆ. ಬರೆಯಬೇಡಿ, ಬಹಳ ಸಲ ಅದು ಸುಳ್ಳು. ಪ್ರತಿ ಪಟ್ಟದ ಕಾದಾಟದಲ್ಲಿ ಗೆಲ್ಲುವ ಸಾಧ್ಯತೆ ಶೇ 35 ಎಂದಿಟ್ಟುಕೊಳ್ಳಿ. ಮೂರನ್ನೂ ಸೋಲುವ ಸಾಧ್ಯತೆ 0.65ರ ಘನ, ಅಂದರೆ ಸುಮಾರು ಶೇ 27. ನಾಲ್ವರಲ್ಲಿ ಒಬ್ಬರಿಗಾದರೂ ಬರೀ ದಾಳದಿಂದಲೇ ಆ ಚೀಟಿ ಬೀಳುತ್ತದೆ.

ಉಳಿದ ಕಾರಣಗಳು ಹೆಚ್ಚಾಗಿ ಆಡುವವರ ಕೈಯಲ್ಲೇ ಇರುತ್ತವೆ. ಸಾಮಾನ್ಯ ಕಾದಾಟ 5 ನಿಮಿಷದ 3 ರೌಂಡ್, ಪಟ್ಟದ್ದು 5 ರೌಂಡ್. 15 ನಿಮಿಷಕ್ಕೆ ಹೊಂದಿಸಿದ ವೇಗದ ಸ್ಲೈಡರನ್ನು ಮುಟ್ಟದೆ ಕಾದಾಳುವನ್ನು 25 ನಿಮಿಷದ ಕಾದಾಟಕ್ಕೆ ಇಳಿಸಿದರೆ ಮೂರನೆಯ ರೌಂಡ್ ಮುಗಿಯುವ ಹೊತ್ತಿಗೆ ಸ್ಟ್ಯಾಮಿನಾ ಬರಿದು. ಆಮೇಲೆ ಕೆಡವುವ ಯತ್ನಗಳು ವಿಫಲವಾಗುತ್ತವೆ, ಕೆಳಗೆ ಬಿದ್ದರೆ ಏಳಲಾಗುವುದಿಲ್ಲ. ಮೊದಲ ಮೂರು ರೌಂಡ್ ಗೆದ್ದದ್ದು ಆಗ ಕಾಯುವುದಿಲ್ಲ. 2010ರಲ್ಲಿ ಚೇಲ್ ಸೊನ್ನೆನ್ ಚಾಂಪಿಯನ್ ಆಂಡರ್ಸನ್ ಸಿಲ್ವಾ ಎದುರು ನಾಲ್ಕು ರೌಂಡ್ ಮುಂದಿದ್ದರು, ಐದನೆಯದರಲ್ಲಿ ಹಿಡಿತಕ್ಕೆ ಸಿಕ್ಕಿ ಸೋಲೊಪ್ಪಿದರು.

ತೂಕದ್ದು ಇನ್ನೊಂದು. ಲೈಟ್‌ವೇಟ್ ಮಿತಿ 155 ಪೌಂಡ್, ಸುಮಾರು 70.3 ಕಿಲೋ. ಪಟ್ಟವಿಲ್ಲದ ಕಾದಾಟಕ್ಕೆ 1 ಪೌಂಡ್ ರಿಯಾಯಿತಿ ಇದೆ, ಪಟ್ಟಕ್ಕೆ ಇಲ್ಲ. ಆ 450 ಗ್ರಾಂ ಕೊನೆಯ ದಿನ ನೀರಿಳಿಸಿ ಕಳೆಯಬೇಕಾಗಿ ಬಂದರೆ, ಈ ನಿಯಮವನ್ನು ಲೆಕ್ಕಕ್ಕಿಟ್ಟ ಆಟದಲ್ಲಿ ಏಟು ತಾಳುವ ಶಕ್ತಿ, ದಮ್ಮು ಎರಡೂ ತಗ್ಗುತ್ತವೆ. ಒಂದೇ ಗುಣವನ್ನು ಬೆಳೆಸಿದ್ದು ಮೂರನೆಯ ಕಾರಣ. ಬರೀ ಕುಸ್ತಿಯಿಂದ ಎಂಟನೆಯ ಶ್ರೇಯಾಂಕದವರನ್ನು ಒತ್ತಿಹಿಡಿಯಬಹುದು, ಕೆಡವಲು ಬಿಡದ ಚಾಂಪಿಯನ್ ಎದುರು ಅದೇ ಯೋಜನೆ ಮೂರು ಸಲವೂ ಒಂದೇ ಫಲ ಕೊಡುತ್ತದೆ. ವಿವರಣೆಗೆ ಇಷ್ಟು ಸಾಕು: ‘ಪಟ್ಟದ ಕಾದಾಟ 3, ಗೆಲುವು 0. ಸೋತ ಬಗೆ: ಅಂಕ 1, ಹಿಡಿತ 2. ಕೊನೆಯ ರೌಂಡ್: 5, 4, 4.’ ಓದಿದವರಿಗೆ ಎಲ್ಲಿ ಕೆಟ್ಟಿತೆಂದು ತಾನೇ ತಿಳಿಯುತ್ತದೆ.

ಗೋಣಿಕೊಪ್ಪದಿಂದ:

‘ಕಾದಾಳು’, ‘ನಿತ್ಯ ಸವಾಲು 0/3’ ಎರಡನ್ನೂ ತೆಗೆದುಕೊಂಡೆವು. ಒಂದು ಉಳಿಯಿತು. ಇಂಟೆರಿಮ್ ಪಟ್ಟ (ಚಾಂಪಿಯನ್ ಕಾದಲಾಗದಿದ್ದಾಗ ಕೊಡುವ ತಾತ್ಕಾಲಿಕ ಪಟ್ಟ) ಗೆದ್ದವರು ನಿಜವಾದ ಪಟ್ಟಕ್ಕೆ ಮೂರು ಸಲ ಸೋತಿದ್ದರೆ?

ಮಡಿಕೇರಿಯಿಂದ:

‘ಹಂಗಾಮಿ ಪಟ್ಟ’ ಎನ್ನಿ, ಹಂಗಾಮಿ ಸ್ಪೀಕರ್ ಎಲ್ಲರಿಗೂ ಗೊತ್ತು. ಲೆಕ್ಕ ಬೇರೆ ಇಡಿ. ಡಸ್ಟಿನ್ ಪೊರಿಯರ್ 2019ರಲ್ಲಿ ಹಂಗಾಮಿ ಗೆದ್ದರು, ಪೂರ್ಣ ಪಟ್ಟಕ್ಕೆ 2019, 2021, 2024ರಲ್ಲಿ ಸೋತರು. ಅಂಥವರ ಚೀಟಿಯಲ್ಲಿ 0/3, ಕೆಳಗೆ ‘ಹಂಗಾಮಿ 1/1’. ಯುರೈಯಾ ಫೇಬರ್‌ರಂತೆ ಬೇರೆ ಸಂಸ್ಥೆಯಲ್ಲಿ ಚಾಂಪಿಯನ್ ಆಗಿದ್ದು ಯುಎಫ್‌ಸಿಯಲ್ಲಿ ಹಂಗಾಮಿ ಒಂದೂ ಸೇರಿ ನಾಲ್ಕು ಪಟ್ಟದ ಕಾದಾಟಗಳನ್ನೂ ಸೋತವರಿಗೆ ಸಂಸ್ಥೆಯ ಹೆಸರನ್ನೂ ಸೇರಿಸಬೇಕಾದೀತು. ಅಂದರೆ 12 ಅಕ್ಷರ ಸಾಲದು, ಜಾಗ ಹೆಚ್ಚಿಸಿ ಎಂದು ಆಟ ಮಾಡಿದವರಿಗೆ ಈಗಲೇ ಬರೆಯಿರಿ.