ಚಿವಿತಾ ದಿ ಬಾನ್ಯೊರೆಜೊ ನೋಡಿದವರು ಇದ್ದೀರಾ?

ಪ್ರಶ್ನೆ: ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ರೋಮ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಒಂದು ದಿನ ಅಲ್ಲಿಂದ ಹೋಗಿ ಬರಬಹುದಾದ, ಗುಡ್ಡದ ಮೇಲಿನ ಹಳೇ ಊರು ಚಿವಿತಾಗೆ ಇಡೋಣ ಅಂತಿದೆ. ಅಪ್ಪನಿಗೆ ಇತಿಹಾಸ ಅಂದ್ರೆ ಪ್ರಾಣ, ಆದರೆ ಮಂಡಿ ನೋವು. ಅಷ್ಟು ದೂರ ಹೋಗುವಂಥದ್ದು ಅಲ್ಲಿ ಏನಿದೆ?

ಉತ್ತರ 1: ಹೋಗಿ. ಆದರೆ ಊರಿಗೆ ಹೋಗುವ ಕಾಲುಸೇತುವೆ ಮೇಲೆ ನಾಲ್ಕು ಫೋಟೋ ಹೊಡೆದು ವಾಪಸ್ ಬರುವುದಾದರೆ ಬೇಡ. ಆ ಊರಿನ ಕಥೆ ಇರುವುದು ಅದರ ಕೆಳಗಿನ ಮಣ್ಣಿನಲ್ಲಿ. ಮೇಲಿರುವುದು ಟಫ್, ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಅದರಡಿಯಲ್ಲಿ ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಜೇಡಿಮಣ್ಣು. ಮಳೆ ನೀರು, ಹಳ್ಳದ ನೀರು ಜೇಡಿಯನ್ನು ಕೊರೆಯುತ್ತಾ ಹೋದ ಹಾಗೆ ಮೇಲಿನ ಕಲ್ಲಿಗೆ ಆಸರೆ ತಪ್ಪಿ, ಊರಿನ ಅಂಚು ಹೋಳು ಹೋಳಾಗಿ ಕೆಳಗೆ ಬೀಳುತ್ತದೆ, ಜೊತೆಗೆ ಅದರ ಮೇಲಿನ ಮನೆಗಳೂ. ರೋಮನ್ನರಿಗಿಂತ ಮೊದಲು ಮಧ್ಯ ಇಟಲಿಯಲ್ಲಿ ಮೆರೆದ ಎಟ್ರುಸ್ಕನ್ನರು ಸುಮಾರು 2,500 ವರ್ಷದ ಹಿಂದೆ ನೆಲೆಸಿದ ಜಾಗ ಅದು. 1695ರ ಭೂಕಂಪ ಆದ ಮೇಲೆ ಬಿಷಪ್, ಆಡಳಿತ ಎಲ್ಲ ಪಕ್ಕದ ಬಾನ್ಯೊರೆಜೊಗೆ ಹೋಯಿತು, ಜನರೂ ಹಿಂದೆಯೇ ಹೊರಟರು. ಈಗ ವರ್ಷಪೂರ್ತಿ ಅಲ್ಲೇ ಇರುವವರು ಬೆರಳೆಣಿಕೆಯಷ್ಟು ಜನ. ಊರೊಳಗೆ ಭೂಕುಸಿತಗಳ ಬಗ್ಗೆಯೇ ಒಂದು ಮ್ಯೂಸಿಯಂ ಇದೆ. ತೆರೆದಿರುವ ದಿನ ನೋಡಿಕೊಂಡು ಮೊದಲು ಅಲ್ಲಿಗೇ ಹೋಗಿ.

ಉತ್ತರ 2: ಮಂಡಿ ನೋವಿದ್ದರೆ ಯೋಚನೆ ಮಾಡಿ. ಸೇತುವೆ ಸುಮಾರು 300 ಮೀಟರ್ ಉದ್ದ, ಕೊನೆಯಲ್ಲಿ ಏರು ಜಾಸ್ತಿ, ಕಾರು ಬಿಡುವುದಿಲ್ಲ. ನಮ್ಮತ್ತೆ ಮೂರು ಕಡೆ ನಿಂತು ನಿಂತು ಹತ್ತಿದರು. ಬೆಳಿಗ್ಗೆ ಬೇಗ ಹೋದರೆ ಬಿಸಿಲೂ ಇರಲ್ಲ, ಗದ್ದಲವೂ ಇರಲ್ಲ. ಅಪ್ಪನಿಗೆ ಆಗಲೇ ಇಲ್ಲ ಅಂದರೆ ಈಚೆ ದಡದಲ್ಲಿ ಊರು ಪೂರ್ತಿ ಕಾಣುವ ಕಟ್ಟೆ ಇದೆ, ಅಲ್ಲಿಂದ ಕಾಣುವ ನೋಟವೇನೂ ಕಮ್ಮಿ ಇಲ್ಲ.

ಉತ್ತರ 3: ಮ್ಯೂಸಿಯಂ ಮೊದಲು ಅಂದವರ ಜೊತೆ ನನ್ನದು ಸಣ್ಣ ತಕರಾರು. ಊರಿನ ಹೆಬ್ಬಾಗಿಲು ದಾಟಿದ ಕೂಡಲೇ ಹಳೇ ಅರಮನೆಯೊಂದರ ಮುಂಗೋಡೆ ಸಿಗುತ್ತದೆ. ಕಿಟಕಿಗಳಿವೆ, ಅವುಗಳ ಆಚೆ ಬರೀ ಆಕಾಶ, ಯಾಕೆಂದರೆ ಹಿಂದಿನ ಮನೆ ಯಾವಾಗಲೋ ಕಣಿವೆಗೆ ಬಿದ್ದುಹೋಗಿದೆ. ಅದನ್ನು ಮೊದಲು ನೋಡಲಿ, ಆಮೇಲೆ ಮ್ಯೂಸಿಯಂಗೆ ಹೋದರೆ ಎಲ್ಲ ತಾನಾಗಿ ತಲೆಗೆ ಹತ್ತುತ್ತದೆ. 13ನೇ ಶತಮಾನದ ಸಂತ ಬೊನವೆಂಚರ್ ಹುಟ್ಟಿದ್ದು ಇದೇ ಊರಲ್ಲಿ, ಅವರ ಮನೆ ಇದ್ದ ಜಾಗವೂ ಉಳಿದಿಲ್ಲ. ಪ್ರವೇಶಕ್ಕೆ ಟಿಕೆಟ್ ಇದೆ, 2013ರಲ್ಲಿ ಶುರು ಮಾಡಿದ್ದು. ಕೆಲವರು ಗೊಣಗುತ್ತಾರೆ, ನನಗಂತೂ ಸರಿಯೇ ಅನ್ನಿಸಿತು. ಇಷ್ಟು ಜನ ಬಂದು ತುಳಿಯುವ ಊರನ್ನು ಬರೀ ಅಲ್ಲಿನ ಹತ್ತಾರು ಜನ ನೋಡಿಕೊಳ್ಳೋಕಾಗುತ್ತಾ?

ಉತ್ತರ 4: ರೋಮ್‌ನಿಂದ ಒರ್ವಿಯೆತೊ ಅನ್ನೋ ಊರಿಗೆ ರೈಲು, ಅಲ್ಲಿಂದ ಬಾನ್ಯೊರೆಜೊಗೆ ಬಸ್. ಭಾನುವಾರ ಮಾತ್ರ ಇಟ್ಟುಕೊಳ್ಳಬೇಡಿ, ಬಸ್ ಸಿಗಲ್ಲ. ಸಸ್ಯಾಹಾರಿಗಳಾದರೆ ಬೆಳ್ಳುಳ್ಳಿ ಉಜ್ಜಿ ಆಲಿವ್ ಎಣ್ಣೆ ಹಾಕಿದ ಸುಟ್ಟ ಬ್ರೆಡ್ ಸಿಗುತ್ತದೆ, ಅಮ್ಮನಿಗೂ ಹಿಡಿಸಬಹುದು. ಮಧ್ಯಾಹ್ನಕ್ಕೆ ಹೊರಡುವುದಾದರೆ ವಾಪಸ್ ಬಸ್ಸಿನ ಟಿಕೆಟನ್ನು ಬೆಳಿಗ್ಗೆಯೇ ತೆಗೆದಿಟ್ಟುಕೊಳ್ಳಿ.