‘ಮೋಟರ್ ಡೆವಲಪ್‌ಮೆಂಟ್’ಗೆ ತಾಯಂದಿರ ಬಾಯಲ್ಲಿ ನಿಲ್ಲುವ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಪುಣೆಯ ಹಿಂಜವಡಿ, ವಾಕಡ್ ಕಡೆ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳವರು ಬೇಕಾದಷ್ಟು ಜನ ಇದ್ದಾರೆ. ಅಂಥ ಒಂದು ಸೈಟಿನ ಶಿಶುಕೇಂದ್ರಕ್ಕೆ ಕನ್ನಡದಲ್ಲಿ ಕರಪತ್ರ ಮಾಡಿಕೊಡುತ್ತಿದ್ದೇನೆ. ಮಕ್ಕಳ ಕೈಕಾಲು ಪಳಗುವುದಕ್ಕೂ ಅಪ್ಪ ಅಮ್ಮ ಅವರೊಂದಿಗೆ ನಡೆದುಕೊಳ್ಳುವ ರೀತಿಗೂ ಏನು ನಂಟು ಅನ್ನುವುದು ವಿಷಯ. ಮೂಲ ಇಂಗ್ಲಿಷ್‌ನಲ್ಲಿದೆ, ಜೊತೆಗೆ ಒಂದು ಮರಾಠಿ ಅನುವಾದವೂ ಇದೆ. ಕೆಲವು ಪದಗಳಲ್ಲಿ ಗಾಡಿ ನಿಂತಿದೆ. ನಾನು ತುಮಕೂರಿನ ಕಡೆಯವಳು, ಓದುವವರು ಉತ್ತರ ಕರ್ನಾಟಕದವರು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ‘ಮೋಟರ್ ಡೆವಲಪ್‌ಮೆಂಟ್’, ಅಂದರೆ ಮಗುವಿನ ಮೈ, ಕೈಕಾಲು, ಬೆರಳು ಪಳಗುತ್ತಾ ಹೋಗುವುದು. ‘ಚಲನಾ ವಿಕಾಸ’ ಅಂತ ಬರೆದು ಕೈತೊಳೆದುಕೊಳ್ಳಬಹುದು. ಅದು ಬಿ.ಎಡ್. ಪುಸ್ತಕದ ಭಾಷೆ, ಅಲ್ವಾ? ಮೋಟರ್ ಅಂತಲೇ ಬಿಟ್ಟರೆ ಓದುವವರಿಗೆ ಬೋರ್‌ವೆಲ್ ನೆನಪಾಗುತ್ತದೆ. ಮರಾಠಿ ಅನುವಾದದಲ್ಲಿ ‘ಕಾರಕ ವಿಕಾಸ’ ಅಂತಿದೆ. ನಮಗೆ ‘ಕಾರಕ’ ಸಿಗುವುದು ವ್ಯಾಕರಣದ ಪಾಠದಲ್ಲಿ, ಬಿಟ್ಟರೆ ‘ರೋಗಕಾರಕ’, ‘ಹಾನಿಕಾರಕ’ಗಳಲ್ಲಿ. ಅದಂತೂ ಬೇಡ.

ಇದರಲ್ಲಿ ಎರಡು ಬಗೆ ಇವೆ. ಕೂರುವುದು, ನಿಲ್ಲುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಇಡೀ ಮೈಯ ಕೆಲಸ. ಒಂದೊಂದೇ ಚುರುಮುರಿ ಕಾಳನ್ನು ಹೆಬ್ಬೆರಳು ತೋರುಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಳ್ಳುವುದು ಬೆರಳಿನ ಕೆಲಸ. ಪುಸ್ತಕಗಳು ಇವನ್ನು ‘ಸ್ಥೂಲ’, ‘ಸೂಕ್ಷ್ಮ’ ಅನ್ನುತ್ತವೆ. ಆದರೆ ಮಗುವಿನ ವಿಷಯದಲ್ಲಿ ‘ಸ್ಥೂಲ’ ಅಂದರೆ ದಪ್ಪ ಅಂತಲೇ ಅರ್ಥವಾಗುವುದು. ನಾನು ಸದ್ಯಕ್ಕೆ ‘ಮೈ ಹಿಡಿತ’, ‘ಬೆರಳ ಹಿಡಿತ’ ಅಂತ ಹಾಕಿದ್ದೇನೆ. ‘ಬಲ’ ಅನ್ನಲಿಲ್ಲ, ಯಾಕೆಂದರೆ ಇಲ್ಲಿ ಬಲ ಅರ್ಧ ಮಾತ್ರ, ಇನ್ನರ್ಧ ಹತೋಟಿ. ಶಿಶುಕೇಂದ್ರದಲ್ಲಿ ಒಬ್ಬ ತಾಯಿ, “ಈಗ ಕಾಲ ಬಂದಾವ್ರಿ ಇವಂಗ, ಹಿಡಿಯಾಕ ಆಗಂಗಿಲ್ಲ” ಅಂದರು. ಮಾತು ಬಂತು ಅನ್ನುವ ಹಾಗೆ ಕಾಲು ಬಂತು. ತುಂಬಾ ಹಿಡಿಸಿತು. ಈ ಬಳಕೆ ಆ ಕಡೆ ಎಲ್ಲ ಇದೆಯೋ, ಅವರ ಊರಿನದು ಮಾತ್ರವೋ? ಬೆರಳಿಗೂ ಹೀಗೇ ಏನಾದರೂ ಹೇಳುತ್ತಾರಾ?

ಎರಡನೆಯದು ‘ಟಮ್ಮಿ ಟೈಮ್’. ಎಚ್ಚರವಿರುವ ಹಸುಗೂಸನ್ನು ಹೊಟ್ಟೆಯ ಮೇಲೆ ಮಲಗಿಸಿ ಆಡಿಸುವುದು. ಮಲಗಿ ನಿದ್ದೆ ಮಾಡುವಾಗ ಮಾತ್ರ ಬೆನ್ನ ಮೇಲೆಯೇ ಇರಬೇಕು. ಅಮೆರಿಕದಲ್ಲಿ 1994ರಿಂದ ಇದನ್ನು ದೊಡ್ಡ ಆಂದೋಲನವಾಗಿ ಹೇಳಿಕೊಟ್ಟರು, ತೊಟ್ಟಿಲ ಸಾವುಗಳು (ನಿದ್ದೆಯಲ್ಲಿ ಕೂಸು ಇದ್ದಕ್ಕಿದ್ದ ಹಾಗೆ ಸಾಯುವುದು) ಕಡಿಮೆಯಾದವು. ಆದರೆ ಹಗಲಲ್ಲೂ ಅಂಗಾತವೇ ಬಿದ್ದಿರುವ ಕೂಸುಗಳು ಮಗುಚುವುದು, ತೆವಳುವುದು ಸ್ವಲ್ಪ ತಡವಾಗತೊಡಗಿತು. ವಿಶ್ವ ಆರೋಗ್ಯ ಸಂಸ್ಥೆಯೂ 2019ರ ಸಲಹೆಯಲ್ಲಿ, ಇನ್ನೂ ಓಡಾಡದ ಕೂಸಿಗೆ ದಿನಕ್ಕೆ ಕಡಿಮೆಯೆಂದರೂ 30 ನಿಮಿಷ, ಬಿಡಿಬಿಡಿಯಾಗಿ, ಹೀಗೆ ಆಡಿಸಿ ಅಂದಿದೆ.

ಇದಕ್ಕೆ ಪದ ಕಡಿಮೆ ಇಲ್ಲ, ಜಾಸ್ತಿಯೇ ಇವೆ. ನಮ್ಮಲ್ಲಿ ‘ಬೋರಲು’, ಮಂಗಳೂರಿನ ಗೆಳತಿ ‘ಕವುಚಿ’ ಅನ್ನುತ್ತಾಳೆ, ಸೈಟಿನಲ್ಲಿ ‘ಡಬ್ಬ’ ಕೇಳಿದೆ. ‘ಮಕಾಡೆ’ಯೂ ಇದೆ, ಆದರೆ ಸಿನಿಮಾ ಮಕಾಡೆ ಮಲಗಿದ ಮೇಲೆ ಆ ಪದವನ್ನು ಮಗುವಿಗೆ ಹಚ್ಚಲು ಮನಸ್ಸಾಗುವುದಿಲ್ಲ. ‘ಬೋರಲು ಆಟ’ ಅಂತ ಹಾಕಿದರೆ ಬೀದರ್‌ನಿಂದ ಚಾಮರಾಜನಗರದ ತನಕ ನಡೆಯುತ್ತದಾ? ‘ಆಟ’ ಬೇಕೇ ಬೇಕು. ಇಲ್ಲದಿದ್ದರೆ ಬೋರಲು ಹಾಕಿ ಮಲಗಿಸಿ ಅಂತ ಅರ್ಥವಾಗಿಬಿಟ್ಟರೆ ಅಪಾಯ.

ಅಂಬೆಗಾಲಿನಲ್ಲಿ ನನಗೆ ಗೊಂದಲ ಇಲ್ಲ. ಇಂಗ್ಲಿಷ್‌ನವರು ‘ಕ್ರಾಲ್’ ಅನ್ನುವ ಒಂದೇ ಪದದಲ್ಲಿ ತುರುಕಿದ್ದನ್ನು ನಾವು ‘ತೆವಳು’, ‘ಅಂಬೆಗಾಲಿಡು’ ಅಂತ ಬೇರೆಬೇರೆ ಮಾಡಿಕೊಂಡಿದ್ದೇವೆ. ಒಂದರಲ್ಲಿ ಹೊಟ್ಟೆ ನೆಲಕ್ಕೆ ತಾಗಿರುತ್ತದೆ, ಇನ್ನೊಂದರಲ್ಲಿ ಇಲ್ಲ. ಆದರೆ ಕೂತಲ್ಲಿಂದಲೇ ಕುಂಡಿ ಜರುಗಿಸಿಕೊಂಡು ಹೋಗುವ ಮಕ್ಕಳಿವೆಯಲ್ಲ, ಅದಕ್ಕೆ ಏನನ್ನುತ್ತೀರಿ? ಕರಪತ್ರದಲ್ಲಿ ಈ ಮಾತು ಬೇಕು. ಅಂಬೆಗಾಲು ಇಡದೆಯೇ ಎದ್ದು ನಡೆಯುವ ಮಕ್ಕಳೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮಾನ್, ಅಮೆರಿಕಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಂಥವರು ನೂರಕ್ಕೆ ನಾಲ್ಕರಷ್ಟಿದ್ದರು. ಅದೇ ಲೆಕ್ಕದಲ್ಲಿ ತಾನಾಗಿ ನಡೆಯುವ ವಯಸ್ಸು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳ ತನಕ ಹರಡಿದೆ. ಪಕ್ಕದ ಮನೆಯ ಮಗು ಹತ್ತಕ್ಕೇ ನಡೆಯಿತು ಅಂತ ಕೊರಗುವವರಿಗೆ ಈ ಒಂದು ಸಾಲು ಸಾಕು.

‘ಟಾಡ್ಲರ್’ಗೆ, ಅಂದರೆ ಆಗಷ್ಟೇ ನಡೆಯಲು ಕಲಿಯುತ್ತಿರುವ ಮಗುವಿಗೆ, ನಿಘಂಟು ತೆರೆದರೆ ‘ದಟ್ಟಡಿ’ ಸಿಗುತ್ತದೆ. ದಟ್ಟಡಿ ಇಡುವ ಕೂಸು. ಚೆಂದದ ಪದ, ಆದರೆ ಯಾರ ಬಾಯಲ್ಲೂ ಕೇಳಿಲ್ಲ. ನಮ್ಮಲ್ಲಿ ‘ತಪ್ಪುಹೆಜ್ಜೆ ಇಡ್ತಾ ಇದೆ’ ಅನ್ನುತ್ತೇವೆ. ಶಿಶುಕೇಂದ್ರದ ಮರಾಠಿ ಸೇವಿಕೆಗೆ ಇದನ್ನು ಬಿಡಿಸಿ ಹೇಳಿದಾಗ, ತಪ್ಪು ಯಾಕೆ, ಮಗು ಸರಿಯಾಗಿಯೇ ಕಲಿಯುತ್ತಿದೆಯಲ್ಲ ಅಂದರು. ಅವರ ಮಾತೂ ನಿಜ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಯಾರನ್ ಅಡಾಲ್ಫ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12ರಿಂದ 19 ತಿಂಗಳ ಮಕ್ಕಳು ಆಡುತ್ತಾ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟರು, 17 ಸಲ ಬಿದ್ದರು. ಬೀಳುವುದೇ ಪಾಠ. ಆದರೂ ಅಚ್ಚಿನಲ್ಲಿ ‘ತಪ್ಪುಹೆಜ್ಜೆ’ ಕಂಡರೆ ಯಾದಗಿರಿಯ ತಾಯಿ ಮಗುವಿನ ಕಾಲಲ್ಲಿ ಏನೋ ಐಬಿದೆ ಅಂದುಕೊಂಡಾರು. ಆ ಕಡೆಯ ಮಾತು ಗೊತ್ತಿದ್ದವರು ಹೇಳಿ.

‘ವಾಕರ್’ ಬಗ್ಗೆ ಚಿಕ್ಕದಾಗಿ. ಮಗುವನ್ನು ನಡುವೆ ಕೂರಿಸುವ ಚಕ್ರದ ವಾಕರ್ ನಡಿಗೆ ಕಲಿಸುವುದಿಲ್ಲ, ಉರುಳಿ ಬೀಳುವ ಅಪಾಯ ಬೇರೆ. ಕೆನಡಾದಲ್ಲಿ 2004ರಿಂದ ಅದರ ಮಾರಾಟಕ್ಕೇ ನಿಷೇಧ. ಮಗು ಹಿಂದೆ ನಿಂತು ತಳ್ಳುವ ಮೂರು ಗಾಲಿಯ ಮರದ ಗಾಡಿಯೇ ಬೇರೆ. ಮರಾಠಿಯಲ್ಲಿ ಅದು ‘ಪಾಂಗುಳಗಾಡಾ’. ಕನ್ನಡದಲ್ಲಿ? ‘ತಳ್ಳುಗಾಡಿ’ ಅಂದರೆ ತರಕಾರಿಯವನು ಬಂದುಬಿಡುತ್ತಾನೆ.

ಇನ್ನು ನನ್ನ ನಿಜವಾದ ತಲೆನೋವು. ಮೂಲದಲ್ಲಿ ‘ಪೇರೆಂಟಿಂಗ್’ ಅಂತಿದೆ. ‘ಸಾಕಣೆ’ ಅಂದರೆ ಕೋಳಿ, ಹಂದಿ. ‘ಪೋಷಕತ್ವ’ ಶಾಲೆಯ ಸಭೆಯ ಮಾತು. ‘ಪಾಲನೆ’ ಪರವಾಗಿಲ್ಲ, ಆದರೆ ಒಳಗಿನ ಅರ್ಥ ಅದರಲ್ಲಿ ಬರುತ್ತಿಲ್ಲ. ಕರಪತ್ರ ಹೇಳುವುದು ಹೊಟ್ಟೆಬಟ್ಟೆ ನೋಡಿಕೊಳ್ಳುವುದರ ಬಗ್ಗೆ ಅಲ್ಲ. ಮಗು ಏನಾದರೂ ಮಾಡಹೊರಟಾಗ ದೊಡ್ಡವರು ಎಷ್ಟು ಹಿಡಿಯುತ್ತಾರೆ, ಎಷ್ಟು ಬಿಡುತ್ತಾರೆ ಅನ್ನುವುದರ ಬಗ್ಗೆ.

1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ವರ್ಷದ ಮಕ್ಕಳನ್ನು ಗಾಜು ಹಾಸಿದ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ಒಂದು ಕಡೆ ನೆಲ 30 ಸೆಂಟಿಮೀಟರ್ ತಗ್ಗಿನಲ್ಲಿದ್ದ ಹಾಗೆ ಕಾಣುತ್ತದೆ. ಆ ಬದಿಯಲ್ಲಿ ಅಮ್ಮ. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ದಾಟಿ ಬಂದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಬಾಯಿಬಿಟ್ಟು ಒಂದು ಮಾತೂ ಆಡಿಲ್ಲ, ಬರೀ ಮುಖ. ‘ಅಯ್ಯೋ ಬಿದ್ದೀಯ!’ ಅಂತ ದಿನವಿಡೀ ಕೂಗುವ ನಮ್ಮ ಮನೆಗಳನ್ನು ನೆನೆಸಿಕೊಳ್ಳಿ.

ಹೀಗೆ ಹಿಡಿಯದೆ, ದೂರವೂ ಹೋಗದೆ, ಕೈಯಳತೆಯಲ್ಲಿ ಇರುವುದಕ್ಕೆ ಒಂದು ಕ್ರಿಯಾಪದ ಬೇಕು. ‘ಆಸರೆ’ಯಲ್ಲಿ ಹಿಡಿದುಕೊಂಡ ಅರ್ಥ ಬರುತ್ತದೆ. ‘ಕಣ್ಗಾವಲು’ ಈಗ ಕ್ಯಾಮೆರಾದ ಪಾಲಾಗಿದೆ. ‘ಒತ್ತಾಸೆ’ ನನಗೆ ಇಷ್ಟ, ಆದರೆ ಚುನಾವಣೆಯ ವರದಿಯಲ್ಲಿ ಬಿಟ್ಟರೆ ಎಲ್ಲಿ ಕೇಳುತ್ತೀರಿ? ‘ಬೆನ್ನಿಗೆ ನಿಲ್ಲು’ ಸದ್ಯಕ್ಕೆ ಮುಂದಿದೆ. ಸೈಟಿನ ಇನ್ನೊಬ್ಬ ತಾಯಿಯನ್ನು ಕೇಳಿದಾಗ ಪದ ಹೇಳಲಿಲ್ಲ. “ಬಿದ್ರ ಬೀಳ್ಲಿ ಬಿಡ್ರಿ, ನಾ ಇಲ್ಲೇ ಅದೀನಲ್ಲ” ಅಂದರು. ಇದನ್ನೇ ಇದ್ದ ಹಾಗೆ ದೊಡ್ಡ ಅಕ್ಷರದಲ್ಲಿ ಹಾಕಿದರೆ ಹೇಗೆ ಅನ್ನಿಸಿದೆ.

ಒಂದು ತಕರಾರೂ ಇದೆ. ‘ಪಾಲನೆ’ ಅಂತ ತಲೆಬರಹ ಹಾಕಿದೊಡನೆ ಎಲ್ಲ ಹೊರೆ ತಾಯಿಯ ತಲೆಗೆ ಬರುತ್ತದೆ. ಸೈಟಿನಲ್ಲಿ ಕಬ್ಬಿಣದ ಸರಳು, ಇಟ್ಟಿಗೆ ಚೂರು, ತೆರೆದ ನೀರಿನ ತೊಟ್ಟಿ. ಅಲ್ಲಿ ಮಗುವನ್ನು ಸೀರೆಯ ಜೋಲಿಯಲ್ಲಿ ಗಂಟೆಗಟ್ಟಲೆ ಇಡುವುದು ಅವಳ ಸ್ವಭಾವ ಅಲ್ಲ, ನೆಲದ ಸಮಸ್ಯೆ. ಒಂದೇ ಸಲಕ್ಕೆ ಗಂಟೆಗಿಂತ ಜಾಸ್ತಿ ಮಗುವನ್ನು ಕಟ್ಟಿಹಾಕಿದ ಹಾಗೆ ಇಡಬೇಡಿ ಅನ್ನುತ್ತದೆ ಅದೇ 2019ರ ಸಲಹೆ. ಸರಿ, ಇಳಿಸುವುದಾದರೂ ಎಲ್ಲಿಗೆ? ಶಿಶುಕೇಂದ್ರದವರು ಚಾಪೆ ಹಾಸಿದ ಒಂದು ಕೋಣೆ ಮಾಡಿದ್ದಾರೆ, ಅದಕ್ಕೇ ಕರಪತ್ರಕ್ಕೂ ಅರ್ಥ ಬಂದಿದೆ. ಆದ್ದರಿಂದ ತಾಯಿಯ ಮೇಲೆ ಬೆರಳು ತೋರದ, ಅಪ್ಪ, ಅಜ್ಜಿ, ಸೇವಿಕೆ ಎಲ್ಲರೂ ಒಳಗೆ ಬರುವ ಪದ ಸಿಕ್ಕರೆ ಒಳ್ಳೆಯದು. ‘ಮಕ್ಕಳೊಡನೆ ನಾವು’ ಅನ್ನುವುದು ತೀರಾ ಸಪ್ಪೆ ಅನ್ನಿಸುತ್ತದಾ?

ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಉತ್ತರದಲ್ಲಿ ನಿಮ್ಮ ತಾಲೂಕಿನ ಹೆಸರನ್ನೂ ಬರೆಯಿರಿ, ಯಾವ ಪದ ಎಲ್ಲಿಯದು ಅಂತ ಗುರುತು ಹಾಕಿಕೊಳ್ಳುತ್ತೇನೆ. ಬೆರಳ ಹಿಡಿತದ ಪದ ಮತ್ತು ಆ ಮೂರು ಗಾಲಿಯ ಗಾಡಿಯ ಹೆಸರು ಮೊದಲು ಬೇಕು. ಚಿತ್ರ ಬರೆಯುವವರು ಅವೆರಡರ ಕೆಳಗೆ ಜಾಗ ಬಿಟ್ಟು ಕಾಯುತ್ತಿದ್ದಾರೆ.